ನೂರಾ ಮೂವತ್ತೇಳನೆಯ ಪರೀಕ್ಷೆ

ಆ ದಿನದ ರಗಳೆಗೆಲ್ಲ ಕಾರಣ ಒಂದೇ ಒಂದು ಅಂಕಿ. ಕಬ್ಬಿಣದ ತೊಲೆಯೊಂದನ್ನು ಎರಡು ಕಂಬಗಳ ಮೇಲಿಟ್ಟು, ನಟ್ಟನಡುವೆ ತುಂಬಿದ ಲಾರಿ ನಿಲ್ಲಿಸಿದರೆ ಅದು ಎಷ್ಟು ಮಿಲಿಮೀಟರ್ ಬಾಗುತ್ತದೆ ಎಂಬ ಲೆಕ್ಕದ ಉತ್ತರ ಅದು. ಕಚೇರಿಯ ಪಟ್ಟಿಯ ಪ್ರಕಾರ 41.7. ಹೊಸ ಕಂಪ್ಯೂಟರಿನ ಪ್ರಕಾರ 47.1. ತೊಲೆಯ ಅಭಿಪ್ರಾಯವೇನೆಂದು ಯಾರೂ ಕೇಳಿರಲಿಲ್ಲ.

ಸೇತುವೆ ಸಂಶೋಧನಾ ಸಂಸ್ಥೆಯ ಮೂರನೆಯ ಮಹಡಿಯ ಮೂಲೆಕೋಣೆಯಲ್ಲಿ, ಬೆಳಿಗ್ಗೆ ಹತ್ತೂಕಾಲಿಗೆ, ಈ ವ್ಯತ್ಯಾಸವನ್ನು ಮೊದಲು ಕಂಡವನು ತಾತ್ಕಾಲಿಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಒಂಬತ್ತು ವರ್ಷ ಒಂದೇ ಸಮನೆ 'ತಾತ್ಕಾಲಿಕ' ಎಂದು ಬರೆದೂ ಬರೆದೂ, ಕೊನೆಗೆ ಹೆಸರು ಸವೆದುಹೋಗಿ ಇದೊಂದೇ ಉಳಿದಿತ್ತು. ಫೋನಿನಲ್ಲಿ ಅವನೂ "ಹಲೋ, ನಾನು ತಾತ್ಕಾಲಿಕ" ಎನ್ನಲು ಕಲಿತಿದ್ದ.

ಈ ಒಂಬತ್ತು ವರ್ಷದಲ್ಲಿ ಅವನು ಮಾಡದ ಕೆಲಸವಿರಲಿಲ್ಲ. ಸೇರಿದ ಹೊಸದರಲ್ಲಿ ಏನು ಕೊಟ್ಟರೂ ಕಣ್ಣುಮುಚ್ಚಿ ಬೆರಳಚ್ಚು ಮಾಡುತ್ತಿದ್ದ. ಆಮೇಲೆ ಕಡತ ಹೊತ್ತ, ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಕಾಗದ ಕಿತ್ತ. ಕೊನೆಗೆ ತಾನೇ ಪುಸ್ತಕ ಓದಿ, ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಕಲಿತ. ಕಪ್ಪು ಪರದೆಯ ಮುಂದೆ ಕೂತು ಹೆದರದೆ ಟೈಪ್ ಮಾಡುವವನು ಇಡೀ ಸಂಸ್ಥೆಯಲ್ಲಿ ಅವನೊಬ್ಬನೇ. ಉಳಿದವರು ಆ ಪರದೆ ಕಂಡರೆ ಏನೋ ಸುಟ್ಟುಹೋಗಿದೆ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಿದ್ದರು.

ಹೊಸ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರ ಮೇಲೆ ಸೇತುವೆ ಲೆಕ್ಕದ ಸಾಫ್ಟ್‌ವೇರನ್ನು ಕೂರಿಸುವ ಕೆಲಸ ಹೋದ ವಾರವೇ ಮುಗಿದಿತ್ತು. ಇನ್ನು ಉಳಿದದ್ದು ಪರೀಕ್ಷೆ. ಉತ್ತರ ಗೊತ್ತಿರುವ ಇನ್ನೂರ ಹದಿನಾಲ್ಕು ಲೆಕ್ಕಗಳನ್ನು ಅದಕ್ಕೆ ಕೊಟ್ಟು, ಎಲ್ಲಕ್ಕೂ ಸರಿಯುತ್ತರ ಬಂತೆಂದು ಪ್ರಮಾಣಪತ್ರ ಬರೆದು, ಸಂಜೆ ನಾಲ್ಕಕ್ಕೆ ನಿರ್ದೇಶಕರ ಮೇಜಿನ ಮೇಲಿಡಬೇಕು. ಅದೇ ಮೇಜಿನ ಮೇಲೆ ಇನ್ನೊಂದು ಕಾಗದ ಕಾದಿತ್ತು. ಅದು ಅವನನ್ನು ಖಾಯಂ ಮಾಡುವ ಆದೇಶ.

"ನಿನ್ನ ಕಾಗದ ಬರಲಿ, ನನ್ನ ಕಾಗದಕ್ಕೆ ಸೈನ್ ಹಾಕ್ತೀನಿ. ಆದ್ರೆ ನೋಡು, ಆ ಹುದ್ದೆಯ ಗಡುವು ಇವತ್ತಿಗೆ ಮುಗಿಯತ್ತೆ. ನಾಳೆ ಬಂದ್ರೆ ಹುದ್ದೆನೇ ಇರಲ್ಲ" ಎಂದು ನಿರ್ದೇಶಕರು ಹೇಳಿದ್ದರು.

ಮನೆಯಲ್ಲಿ ಮಾವ ಬೆಳಿಗ್ಗೆಯೇ ಬಂದು ಕೂತಿದ್ದರು. ಮೂವತ್ತೈದು ವರ್ಷ ಒಂದೇ ಕುರ್ಚಿಯಲ್ಲಿ ಖಾಯಂ ಆಗಿ ಕೂತು ನಿವೃತ್ತರಾದವರು ಅವರು. "ಇನ್ನಾರು ತಿಂಗಳಲ್ಲಿ ಖಾಯಂ ಆಗತ್ತೆ" ಎಂಬ ಮಾತು ನಂಬಿ ಮಗಳನ್ನು ಕೊಟ್ಟಿದ್ದರು. ಆಮೇಲೆ ಅಳಿಯನನ್ನು ನೆಂಟರಿಗೆ ಪರಿಚಯಿಸುವಾಗಲೆಲ್ಲ ಗಂಟಲು ಸರಿಮಾಡಿಕೊಂಡು ಮಾತು ಬದಲಾಯಿಸುತ್ತಿದ್ದರು. ಇವತ್ತು ಆದೇಶವನ್ನು ಕಣ್ಣಾರೆ ಓದಿಯೇ ಏಳುವುದೆಂದು ನಿರ್ಧರಿಸಿಕೊಂಡಿದ್ದರು.

ತಾತ್ಕಾಲಿಕನ ಬದುಕಿನಲ್ಲಿ ಖಾಯಂ ಆಗಿದ್ದದ್ದು ಅವನ ಸಹಿ ಮಾತ್ರ. ಕಾಲೇಜಿನ ದಿನಗಳಿಂದ ಅದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಕೊನೆಯ ಅಕ್ಷರದಿಂದ ಹೊರಟ ಬಾಲ ಹೆಸರಿನ ಕೆಳಗೆಲ್ಲ ಓಡಿ, ಮೂರು ಸುತ್ತು ಸುತ್ತಿ, ಒಂದು ದಪ್ಪ ಚುಕ್ಕೆಯ ಮೇಲೆ ನಿಲ್ಲುತ್ತಿತ್ತು. ಖಾಯಂ ನೌಕರರ ಪುಸ್ತಕದಲ್ಲಿ ಆ ಸಹಿ ಹೇಗೆ ಕಾಣಬಹುದೆಂದು ಅವನು ವಾರದಿಂದ ಕನಸು ಕಾಣುತ್ತಿದ್ದ.

ಇನ್ನೂರ ಹದಿಮೂರು ಪರೀಕ್ಷೆಗಳು ಪಾಸಾದವು. ನೂರಾ ಮೂವತ್ತೇಳನೆಯದು ಫೇಲಾಯಿತು.

ಇಲ್ಲಿ ಆ ಸಂಸ್ಥೆಯ ಒಂದು ಪದ್ಧತಿಯನ್ನು ಹೇಳಬೇಕು. ಇಂಥ ಸಾಫ್ಟ್‌ವೇರ್ ಮಾಡಿದವರು ಸರಿಯುತ್ತರಗಳ ಕಡತವನ್ನೂ ಜೊತೆಗೇ ಕಳಿಸಿರುತ್ತಾರೆ, ಲೋಕವೆಲ್ಲ ಅದನ್ನಿಟ್ಟುಕೊಂಡು ತಾಳೆ ನೋಡುತ್ತದೆ. ಆದರೆ ತನ್ನ ಮೊಹರಿಲ್ಲದ ಉತ್ತರವನ್ನು ಉತ್ತರವೆಂದು ಒಪ್ಪುವ ವಾಡಿಕೆ ಈ ಸಂಸ್ಥೆಗಿಲ್ಲ. ಒಂಬತ್ತು ವರ್ಷದ ಹಿಂದೆ ಸಾಫ್ಟ್‌ವೇರ್ ಮೊದಲ ಸಲ ಬಂದಾಗ, ಜೊತೆಗೆ ಬಂದ ಅಚ್ಚಿನ ಪುಸ್ತಕದಿಂದ ಅಷ್ಟೂ ಉತ್ತರಗಳನ್ನು ಸಂಸ್ಥೆಯ ಸ್ವಂತ ಕಾಗದದ ಮೇಲೆ ಮತ್ತೆ ಬೆರಳಚ್ಚು ಮಾಡಿಸಿ, ಪುಟಪುಟಕ್ಕೂ ಮೊಹರು ಒತ್ತಿ, ಅದಕ್ಕೆ 'ತಾಳೆಪಟ್ಟಿ' ಎಂದು ಹೆಸರಿಟ್ಟಿದ್ದರು. ಈ ಸಲವೂ ಕಚೇರಿಯ ಸೂಪರಿಂಟೆಂಡೆಂಟರು ಮಾಡಿದವರ ಕಡತವನ್ನು ಅಳಿಸಿಹಾಕಿಸಿ, ತಾಳೆಪಟ್ಟಿಯ ಅಂಕಿಗಳನ್ನೇ ಕಂಪ್ಯೂಟರಿಗೆ ತುಂಬಿಸಿದ್ದರು. ಎರಡು ದಿನ ಕೂತು ತುಂಬಿದವನು ತಾತ್ಕಾಲಿಕನೇ.

ಮೊದಲು ಬಂದವನು ಎಲೆಕ್ಟ್ರಿಷಿಯನ್. ಅವನನ್ನು ಯಾರೂ ಕರೆದಿರಲಿಲ್ಲ. ಕಪ್ಪು ಪರದೆಯಲ್ಲಿ ಕೆಂಪಕ್ಷರ ಕಂಡು ಬಾಗಿಲಲ್ಲೇ ನಿಂತ.

"ಏನ್ ಗುರು, ಫೇಲ್ ಅಂತಿದೆ?"

"ಒಂದು ಲೆಕ್ಕ ತಾಳೆ ಆಗ್ತಿಲ್ಲ."

"ಆಫ್ ಮಾಡಿ ಆನ್ ಮಾಡು."

"ಅದು ಲೆಕ್ಕ ಮಾರಾಯ, ಟ್ಯೂಬ್‌ಲೈಟ್ ಅಲ್ಲ."

"ನಾನು ಈ ಕಟ್ಟಡದಲ್ಲಿ ಇಪ್ಪತ್ತು ವರ್ಷದಿಂದ ಎಲ್ಲಾನೂ ಹಾಗೇ ರಿಪೇರಿ ಮಾಡಿರೋದು" ಎಂದವನೇ ಎಲೆಕ್ಟ್ರಿಷಿಯನ್ ಸ್ವಿಚ್ ಒತ್ತಿಬಿಟ್ಟ.

ತಾತ್ಕಾಲಿಕ ಆಗಷ್ಟೇ ಪರೀಕ್ಷೆಯನ್ನು ಎರಡನೆಯ ಸಲ ಓಡಿಸಲು ಬಿಟ್ಟಿದ್ದ. ಕಂಪ್ಯೂಟರ್ ಮತ್ತೆ ಎದ್ದಾಗ ಅರ್ಧ ನಡೆದಿದ್ದ ಎರಡನೆಯ ಸುತ್ತಿನ ಪರೀಕ್ಷೆಯ ಫಲಿತಾಂಶ ಹೋಗಿತ್ತು. ಯಾವುದಕ್ಕೂ ಇರಲೆಂದು ಅವನು ಸಾಫ್ಟ್‌ವೇರನ್ನೇ ಕಿತ್ತು ಹೊಸದಾಗಿ ಕೂರಿಸಿದ. ಅದಕ್ಕೆ ಬೇಕಾದ ಲೈಬ್ರರಿಗಳೆಂಬ ಸಹಾಯಕ ಕಡತಗಳನ್ನೆಲ್ಲ ಒಂದೊಂದಾಗಿ ಹಾಕಿ, ಆವೃತ್ತಿಗಳನ್ನು ಬೆರಳಿಟ್ಟು ಹೋಲಿಸಿ, ಪರೀಕ್ಷೆಯನ್ನು ಮೊದಲಿನಿಂದ ಓಡಿಸಿದ. ಅಷ್ಟರಲ್ಲಿ ಹನ್ನೆರಡೂವರೆ. ನೂರಾ ಮೂವತ್ತೇಳು ಮತ್ತೆ 47.1 ಎಂದಿತು.

ಸುದ್ದಿ ಕೇಳಿ ದೊಡ್ಡ ಡಾಕ್ಟರು ಬಂದರು. ಅವರು ಸಂಸ್ಥೆಯ ಹಿರಿಯ ವಿಜ್ಞಾನಿ. ಹಳೆಯ ಕಂಪ್ಯೂಟರ್ ಅವರ ಕೋಣೆಯಲ್ಲೇ ಇತ್ತು, ಅದರ ಮೇಲೊಂದು ಹೂಕುಂಡವಿತ್ತು.

"ನೋಡಪ್ಪ, ಸಹಿಸಬಹುದಾದ ವ್ಯತ್ಯಾಸ ಅಂತ ಒಂದು ಇರತ್ತಲ್ಲ, ಅದನ್ನ ಎಷ್ಟಿಟ್ಟಿದೀಯ?"

"ಲಕ್ಷದಲ್ಲಿ ಒಂದು ಭಾಗ ಸಾರ್."

"ಅಷ್ಟು ಸಿಡುಕು ಯಾಕೆ? ಹತ್ತು ಮಿಲಿಮೀಟರ್ ಇಡು. ಮದುವೆ ಆಗಿರೋನು ನೀನು, ಸಹನೆ ಅಂದ್ರೇನು ಅಂತ ನಾನು ಹೇಳ್ಕೊಡಬೇಕಾ?"

"ಹತ್ತಿಟ್ರೆ ಸೇತುವೆ ಮುರಿದುಬಿದ್ರೂ ಪಾಸ್ ಅನ್ನತ್ತೆ ಸಾರ್."

"ಬಿದ್ದಾಗ ನೋಡ್ಕೊಳೋಣ" ಎಂದು ಡಾಕ್ಟರು ಅವನ ಬೆನ್ನು ತಟ್ಟಿ ಊಟಕ್ಕೆ ಹೋದರು.

ತಾತ್ಕಾಲಿಕನಿಗೆ ಹುಟ್ಟಿನಿಂದಲೇ ಒಂದು ದೋಷವಿತ್ತು. ಯಂತ್ರ ಫೇಲ್ ಎಂದಿದ್ದನ್ನು ಪಾಸ್ ಎಂದು ಬರೆಯಲು ಅವನ ಕೈ ಏಳುತ್ತಿರಲಿಲ್ಲ. ಈ ದೋಷ ಇಲ್ಲದಿದ್ದರೆ ಅವನು ಎಂಟು ವರ್ಷದ ಹಿಂದೆಯೇ ಖಾಯಂ ಆಗಿರುತ್ತಿದ್ದನೆಂದು ಅವನ ಹೆಂಡತಿಯ ನಂಬಿಕೆ. ಊಟದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಅವನು ಸೂಪರಿಂಟೆಂಡೆಂಟರ ಮೇಜಿಗೆ ನಡೆದ.

ಸೂಪರಿಂಟೆಂಡೆಂಟರಿಗೆ ಸಂಸ್ಥೆಯ ನಿಯಮಗಳು ಸಂಖ್ಯೆಯ ಸಮೇತ ಬಾಯಿಪಾಠ. ಮನೆಯಲ್ಲಿ ಮಕ್ಕಳ ಹುಟ್ಟಿದ ದಿನ ಮರೆತಾರು, ನಿಯಮ ಮರೆಯುವವರಲ್ಲ.

"ಆ ಒಂದು ಪರೀಕ್ಷೆ ತೆಗೆದುಬಿಡಬಹುದಾ ಸಾರ್?" ಎಂದು ತಾತ್ಕಾಲಿಕ ಸಣ್ಣ ದನಿಯಲ್ಲಿ ಕೇಳಿದ.

"ನಮೂನೆಯಲ್ಲಿ ಇನ್ನೂರ ಹದಿನಾಲ್ಕು ಖಾನೆ ಅಚ್ಚಾಗಿದೆ ಕಣ್ರೀ. ಒಂದು ಖಾಲಿ ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣತ್ತೆ."

"ಹಿಂದಿನ ವರ್ಷಗಳಲ್ಲೆಲ್ಲ ಇದು ಹೇಗೆ ಪಾಸಾಯ್ತು ಸಾರ್? ವರ್ಷವರ್ಷ ಪರೀಕ್ಷೆ ಮಾಡಿದೀವಿ ಅಂತ ಇದೆಯಲ್ಲ."

ಸೂಪರಿಂಟೆಂಡೆಂಟರು ಹೆಮ್ಮೆಯಿಂದ ಒಂಬತ್ತು ಪ್ರಮಾಣಪತ್ರಗಳನ್ನು ತೆಗೆದು ಹರವಿದರು. ಒಂಬತ್ತರಲ್ಲೂ ಇನ್ನೂರ ಹದಿನಾಲ್ಕಕ್ಕೆ ಇನ್ನೂರ ಹದಿನಾಲ್ಕು ಪಾಸ್. ಒಂಬತ್ತರಲ್ಲೂ ಅವರ ಸಹಿ, ದೊಡ್ಡ ಡಾಕ್ಟರ ಸಹಿ. ಒಂಬತ್ತರಲ್ಲೂ ಬಲಗಡೆಯ ಮೂಲೆಯಲ್ಲಿ ಟೀ ಲೋಟದ ಉಂಗುರದಂಥ ಕಲೆ, ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ.

"ಸಾರ್, ಇದು ಜೆರಾಕ್ಸ್."

"ದಿನಾಂಕ ಬೇರೆ ಬೇರೆ ಇದೆಯಲ್ಲ, ನೋಡಿ."

"ಮೊದಲನೇ ವರ್ಷನಾದ್ರೂ ನಿಜವಾಗಿ ಪರೀಕ್ಷೆ ಮಾಡಿದ್ರಾ?"

"ಮೊದಲನೇ ವರ್ಷ ಮಾಡ್ಬೇಕು ಅಂತಲೇ ಕೂತಿದ್ವಿ. ಅವತ್ತು ಕರೆಂಟ್ ಇರಲಿಲ್ಲ" ಎಂದ ಸೂಪರಿಂಟೆಂಡೆಂಟರು ದನಿ ತಗ್ಗಿಸಿದರು. "ನಿಮಗೂ ಒಂದು ಜೆರಾಕ್ಸ್ ತೆಗೆಸಿಕೊಡ್ಲಾ? ದಿನಾಂಕ ನಾನೇ ತಿದ್ದುತೀನಿ."

ಒಂದು ಕ್ಷಣ ತಾತ್ಕಾಲಿಕನ ಕಣ್ಣ ಮುಂದೆ ಮಾವನ ಮುಖ ಬಂದುಹೋಯಿತು. ಜೆರಾಕ್ಸ್ ಯಂತ್ರ ಹತ್ತು ಹೆಜ್ಜೆಯಲ್ಲಿತ್ತು. ಆದರೂ ಅವನು ತಲೆ ಅಲ್ಲಾಡಿಸಿ, "ಆ ಅಚ್ಚಿನ ಪುಸ್ತಕ ಎಲ್ಲಿದೆ ಸಾರ್?" ಎಂದು ಕೇಳಿದ.

ಪುಸ್ತಕ ಸ್ಟೋರ್ಸಿನಲ್ಲಿತ್ತು. ಸ್ಟೋರ್ಸ್ ನೋಡಿಕೊಳ್ಳುವ ಅಕ್ಕ ತಿರುಪುಗಳನ್ನು ಡಬ್ಬಿಗಳಿಗೆ ಬಿಡಿಸಿ ಹಾಕುತ್ತ ಕೂತಿದ್ದರು. ತಲೆ ಎತ್ತದೆ ಮೂಲೆಯ ಬೀರು ತೋರಿಸಿದರು.

"ಬೀರು ಒಳಗಾ ಅಕ್ಕ?"

"ಬೀರು ಕೆಳಗೆ. ಅದರ ಎಡಗಾಲು ಮೋಟು. ಒಂಬತ್ತು ವರ್ಷದಿಂದ ಆ ಪುಸ್ತಕನೇ ಕಾಲು."

"ನಂಗೆ ಅದು ಬೇಕಿತ್ತು."

"ತಗೋ. ಆದ್ರೆ ಬೀರು ಬಿದ್ರೆ ನಂದಲ್ಲ."

ತಾತ್ಕಾಲಿಕ ನೆಲದ ಮೇಲೆ ಬೋರಲು ಮಲಗಿ ಪುಸ್ತಕ ಎಳೆದ. ಪುಸ್ತಕ ಬಂತು. ಅದರ ಹಿಂದೆಯೇ ಬೀರು ಅವನ ಕಡೆ ವಾಲಿತು. ಮೇಲಿದ್ದ ಹಳೆಯ ರಿಜಿಸ್ಟರುಗಳು ಒಂದೊಂದಾಗಿ ಅವನ ಬೆನ್ನಿನ ಮೇಲೆ ಉದುರಿದವು. ಹೆಗಲು ಕೊಟ್ಟು ಬೀರುವನ್ನು ತಡೆದು, ಅದೇ ಭಂಗಿಯಲ್ಲಿ ಒಂದು ಕೈಯಿಂದ ಪುಟ ತಿರುವಿದ. ನೂರಾ ಮೂವತ್ತೇಳನೆಯ ಲೆಕ್ಕ. ತೊಲೆ, ಎರಡು ಕಂಬ, ಲಾರಿಯ ಚಿತ್ರ. ಉತ್ತರ: 47.1.

ಹೊಟ್ಟೆಗೆ ಹಾಲೆರೆದಂತಾಯಿತು. ಯಂತ್ರ ಸರಿ, ತಾನು ಸರಿ. ಬೆರಳಚ್ಚು ಮಾಡಿದ ಯಾವನೋ ಏಳನ್ನೂ ಒಂದನ್ನೂ ಅದಲುಬದಲು ಮಾಡಿದ್ದಾನೆ, ಅಷ್ಟೆ. ಯಾರೂ ಒಮ್ಮೆಯೂ ಪರೀಕ್ಷೆ ನಡೆಸದೆ ಇದ್ದದ್ದರಿಂದ ಆ ತಪ್ಪು ಒಂಬತ್ತು ವರ್ಷ ಮೊಹರಿನ ಕೆಳಗೆ ಸುಖವಾಗಿ ನಿದ್ದೆ ಮಾಡಿದೆ.

"ಬೀರುಗೆ ಕಾಲು ಕೊಟ್ಟು ಹೋಗು" ಎಂದರು ಅಕ್ಕ.

ಕೈಗೆ ಸಿಕ್ಕಿದ್ದು ಊಟದ ಡಬ್ಬಿಯೊಂದೇ. ಅದನ್ನೇ ಬೀರುವಿನ ಕೆಳಗೆ ತಳ್ಳಿ, ಹೊಸ ಕಾಲು ಗಟ್ಟಿಯಾಗಿ ನಿಂತಿತೆಂದು ನೋಡಿಕೊಂಡು, ಹಸಿದ ಹೊಟ್ಟೆಯಲ್ಲೇ ಮೆಟ್ಟಿಲು ಹತ್ತಿದ. ದಾರಿಯಲ್ಲಿ ಹೆಂಡತಿಗೆ ಫೋನ್ ಮಾಡಿದ.

"ಯಂತ್ರ ಸರಿಯಾಗಿದೆ ಕಣೆ, ಪಟ್ಟಿ ತಪ್ಪು."

"ರೀ, ಅದೆಲ್ಲ ನಂಗೆ ಬೇಡ. ಸೈನ್ ಆಯ್ತಾ? ಅಪ್ಪ ಕನ್ನಡಕ ಒರೆಸಿಕೊಂಡು ಕೂತಿದಾರೆ."

"ನಾಲ್ಕಕ್ಕೆ ಆಗತ್ತೆ ಅಂತ ಹೇಳು."

ಸೂಪರಿಂಟೆಂಡೆಂಟರು ಪುಸ್ತಕವನ್ನೂ ಪಟ್ಟಿಯನ್ನೂ ನೋಡಿ ಬೆವರು ಒರೆಸಿಕೊಂಡರು. "ತಾಳೆಪಟ್ಟಿ ತಪ್ಪಾಗೋದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ. ತಿದ್ದಬೇಕು ಅಂದ್ರೆ ಲಿಖಿತ ದೂರು ಬೇಕು. ತಪ್ಪು ಯಾರದು ಅಂತ ಗೊತ್ತಾಗಬೇಕು, ಕ್ರಮ ಆಗಬೇಕು. ಆಮೇಲೇ ತಿದ್ದುಪಡಿ. ಬೆರಳಚ್ಚು ಮಾಡಿದೋರ ಸಹಿ ಕೊನೇ ಪುಟದಲ್ಲಿ ಇರತ್ತೆ. ಆ ಪುಟನ ಮೊಹರು ಹಾಕಿದ ಲಕೋಟೆಯಲ್ಲಿ ಇಟ್ಟಿದೀವಿ, ನಿರ್ದೇಶಕರ ಎದುರೇ ಒಡೀಬೇಕು."

"ದೂರು ನಾನೇ ಬರೀತೀನಿ ಸಾರ್" ಎಂದ ತಾತ್ಕಾಲಿಕ.

ಬರೆಯಲು ಕೂತಾಗ ಬೆಳಗಿನಿಂದ ತಡೆದಿಟ್ಟ ಸಿಟ್ಟೆಲ್ಲ ಪೆನ್ನಿನ ತುದಿಗೆ ಬಂತು. ಒಂಬತ್ತು ವರ್ಷ ತನ್ನನ್ನು ಯಾರೂ ಕೇಳಲಿಲ್ಲ, ಇವತ್ತಾದರೂ ಕೇಳಲಿ ಎನ್ನಿಸಿತು. 'ಈ ಅಕ್ಷಮ್ಯ ಬೇಜವಾಬ್ದಾರಿತನ ತೋರಿದ ವ್ಯಕ್ತಿ ಯಾರೇ ಆಗಿರಲಿ, ಎಷ್ಟೇ ಪ್ರಭಾವಿಯಾಗಿರಲಿ, ಅವರ ಮೇಲೆ ಯಾವ ದಾಕ್ಷಿಣ್ಯವೂ ಇಲ್ಲದೆ ಕಠಿಣ ಕ್ರಮ ಕೈಗೊಳ್ಳಬೇಕು. ಇಂಥವರು ಸಂಸ್ಥೆಯಲ್ಲಿರಲು ಯೋಗ್ಯರಲ್ಲ' ಎಂದು ಬರೆದ. ಎರಡು ಸಲ ಓದಿಕೊಂಡು, 'ಎಂದಿಗೂ' ಎಂಬ ಮಾತನ್ನು ಸೇರಿಸಿದ. ಕೆಳಗೆ ಸಹಿ ಹಾಕಿದ. ಬಾಲ ಹೆಸರಿನ ಕೆಳಗೆ ಓಡಿ, ಮೂರು ಸುತ್ತು ಸುತ್ತಿ, ಚುಕ್ಕೆಯ ಮೇಲೆ ನಿಂತಿತು.

ನಾಲ್ಕಕ್ಕೆ ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ನಿರ್ದೇಶಕರು ದೂರು ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಭೇಷ್. ಈ ಸಂಸ್ಥೆಯಲ್ಲಿ ಗುಣಮಟ್ಟದ ಬಗ್ಗೆ ತಲೆಕೆಡಿಸಿಕೊಳ್ಳೋನು ಒಬ್ಬನಾದ್ರೂ ಇದಾನಲ್ಲ. 'ಎಷ್ಟೇ ಪ್ರಭಾವಿಯಾಗಿರಲಿ.' ಚೆನ್ನಾಗಿ ಬರ್ದಿದೀಯ. ಎಲ್ಲಿ, ಆ ಲಕೋಟೆ ತನ್ನಿ."

ಸೂಪರಿಂಟೆಂಡೆಂಟರು ಅರಗು ಒಡೆದರು. ಒಳಗಿನಿಂದ ಹಳದಿಯಾದ ಹಾಳೆಯೊಂದನ್ನು ತೆಗೆದು ದೂರಿನ ಪಕ್ಕದಲ್ಲಿಟ್ಟರು.

'ಬೆರಳಚ್ಚು ಮಾಡಿದವರು' ಎಂಬುದರ ಮುಂದೆ ಒಂದು ಸಹಿಯಿತ್ತು. ಅದರ ಬಾಲ ಹೆಸರಿನ ಕೆಳಗೆ ಓಡಿ, ಮೂರು ಸುತ್ತು ಸುತ್ತಿ, ಚುಕ್ಕೆಯ ಮೇಲೆ ನಿಂತಿತ್ತು.

ತಾತ್ಕಾಲಿಕ ಹಾಳೆಯ ಮೇಲೆ ಬಾಗಿದ. ಈಗ ನೆನಪಾಯಿತು. ಸೇರಿದ ಮೊದಲನೆಯ ವಾರ. ಯಾರೋ ತಂದಿಟ್ಟ ದಪ್ಪ ಪುಸ್ತಕ. ಯಾವುದರ ಅಂಕಿಗಳೆಂದು ಅವನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಇನ್ನಾರು ತಿಂಗಳಲ್ಲಿ ಖಾಯಂ ಮಾಡುತ್ತೇವೆಂದು ಮಾತ್ರ ಹೇಳಿದ್ದರು.

"ಇವನನ್ನ ಈಗಲೇ ಮನೆಗೆ ಕಳಿಸಿಬಿಡೋಣ. ತಾತ್ಕಾಲಿಕ ತಾನೇ, ಒಂದು ಚೀಟಿ ಸಾಕು" ಎಂದರು ದೊಡ್ಡ ಡಾಕ್ಟರು.

"ಕಳಿಸಬಹುದು ಸಾರ್" ಎಂದರು ಸೂಪರಿಂಟೆಂಡೆಂಟರು, "ಆದ್ರೆ ನಿಯಮ ಹದಿನೆಂಟು ಇದೆ. ತಾತ್ಕಾಲಿಕ ನೌಕರ ಮಾಡಿದ ತಪ್ಪಿಗೆ ಅವನ ಮೇಲಿನೋರು ಹೊಣೆ."

"ಮೇಲಿನೋರು ಅಂದ್ರೆ?" ಎಂದು ನಿರ್ದೇಶಕರು ಕೇಳಿದರು.

"ನಾನು ಸಾರ್. ನನ್ನ ಮೇಲೆ ಡಾಕ್ಟರು. ಅವರ ಮೇಲೆ…" ಸೂಪರಿಂಟೆಂಡೆಂಟರು ಮರ್ಯಾದೆಗೆ ಮುಂದಿನದನ್ನು ನುಂಗಿಕೊಂಡು ಚಾವಣಿಯ ಕಡೆ ನೋಡಿದರು. ನಿರ್ದೇಶಕರೂ ನೋಡಿದರು. ಅಲ್ಲಿ ಫ್ಯಾನ್ ಒಂದೇ ಇತ್ತು.

"ಅದೇ ಖಾಯಂ ನೌಕರ ಆಗಿದ್ರೆ?"

"ಅವನ ತಪ್ಪಿಗೆ ಅವನೇ ಹೊಣೆ ಸಾರ್. ನಿಯಮ ಹತ್ತೊಂಬತ್ತು."

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು. ಒಂಬತ್ತು ವರ್ಷ ಹಂದಾಡದ ಕಡತ ಒಂದು ನಿಮಿಷದಲ್ಲಿ ಹಂದಿತು. ತಪ್ಪು ನಡೆದದ್ದು ಮೊದಲನೆಯ ವಾರವಾದ್ದರಿಂದ, ಕೆಲಸಕ್ಕೆ ಸೇರಿದ ದಿನದಿಂದಲೇ ಅನ್ವಯವಾಗುವಂತೆ ಖಾಯಂ ಎಂದು ತಿದ್ದಿ ಸಹಿ ಹಾಕಿದರು. ಡಾಕ್ಟರು ಕೈ ಕುಲುಕಿದರು. ಸೂಪರಿಂಟೆಂಡೆಂಟರು ಖಾಯಂ ನೌಕರರ ಪುಸ್ತಕ ಮುಂದಿಟ್ಟರು. ತಾತ್ಕಾಲಿಕ ಸಹಿ ಮಾಡಿದ. ಬಾಲ ಎರಡು ಸುತ್ತಿಗೇ ನಿಂತುಬಿಟ್ಟಿತು. ಅವನ ಕಣ್ಣಲ್ಲಿ ನಿಜವಾಗಿ ನೀರು ಬಂತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎರಡನೆಯ ಕಾಗದ ಬಂತು. ಅವನದೇ ದೂರಿನ ಮೇರೆಗೆ, ವಿಚಾರಣೆ ಮುಗಿಯುವವರೆಗೆ ಅವನನ್ನು ಅಮಾನತಿನಲ್ಲಿಡಲಾಗಿದೆ ಎಂದು ಅದರಲ್ಲಿತ್ತು.

"ವಿಚಾರಣೆ ಎಷ್ಟು ದಿನ ಸಾರ್?" ಎಂದು ಅವನು ಕೇಳಿದ.

"ಹಿಂದಿನದು ಶುರುವಾಗಿ ಹನ್ನೊಂದು ವರ್ಷ ಆಯ್ತು. ಚೆನ್ನಾಗಿ ನಡೀತಿದೆ" ಎಂದರು ಸೂಪರಿಂಟೆಂಡೆಂಟರು.

ಡಾಕ್ಟರಿಗೆ ಥಟ್ಟನೆ ಏನೋ ಹೊಳೆಯಿತು. "ಅಲ್ಲ, ಹೊಸ ಕಂಪ್ಯೂಟರ್ ನಡೆಸೋರು ಯಾರು? ಆ ಕಪ್ಪು ಪರದೆ ನಂಗಂತೂ ಗೊತ್ತಾಗಲ್ಲ."

"ನಿಯಮ ಇಪ್ಪತ್ತು ಸಾರ್. ಅಮಾನತಿನಿಂದ ಖಾಲಿಯಾದ ಜಾಗಕ್ಕೆ ಒಬ್ಬರನ್ನ ತಾತ್ಕಾಲಿಕವಾಗಿ ತಗೋಬಹುದು. ಅನುಭವ ಇರೋರಿಗೆ ಆದ್ಯತೆ."

ಮೂವರೂ ಅವನ ಕಡೆ ತಿರುಗಿದರು.

"ನಾಳೆ ಹತ್ತಕ್ಕೆ ಬಂದ್ಬಿಡಿ" ಎಂದರು ಸೂಪರಿಂಟೆಂಡೆಂಟರು ಪ್ರೀತಿಯಿಂದ. "ಬಂದ ತಕ್ಷಣ ಆ ನೂರಾ ಮೂವತ್ತೇಳನ್ನ ಪಾಸ್ ಮಾಡಿಸಿ."

"ಪುಸ್ತಕದಲ್ಲಿ ನಲವತ್ತೇಳು ಪಾಯಿಂಟ್ ಒಂದು ಇದೆಯಲ್ಲ ಸಾರ್. ಪಟ್ಟಿ ತಿದ್ದಿದ್ರೆ ತಾನಾಗೇ ಪಾಸಾಗತ್ತೆ."

"ಪಟ್ಟಿ ಈಗ ನಿಮ್ಮ ವಿಚಾರಣೆಯ ಸಾಕ್ಷಿ. ಮುಗಿಯೋವರೆಗೂ ಒಂದು ಚುಕ್ಕೆನೂ ಮುಟ್ಟೋ ಹಾಗಿಲ್ಲ. ಅಲ್ಲಿವರೆಗೂ ತೊಲೆ ನಲವತ್ತೊಂದು ಪಾಯಿಂಟ್ ಏಳೇ ಬಾಗಬೇಕು. ಏನಾದ್ರೂ ಮಾಡಿ."

ಮನೆಗೆ ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದರು. ಅವನು ಮೊದಲನೆಯ ಕಾಗದವನ್ನು ಮಾತ್ರ ಅವರ ಕೈಗಿಟ್ಟ. ಮಾವ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅಳಿಯನ ಹೆಗಲ ಮೇಲೆ ಕೈಯಿಟ್ಟರು.

"ಸೇರಿದ ದಿನದಿಂದಲೇ ಖಾಯಂ. ಇಂಥ ಆದೇಶ ನಾನು ನೋಡೇ ಇಲ್ಲ ಅಳಿಯಂದ್ರೆ. ನಿಮ್ಮನ್ನ ಸುಮ್ಮನೆ ಹಗುರ ಮಾಡ್ಬಿಟ್ಟಿದ್ದೆ. ಈಗಲೇ ಎಲ್ಲರಿಗೂ ಫೋನ್ ಮಾಡ್ತೀನಿ."

ಒಳಗಿನಿಂದ ಹೆಂಡತಿ ನಗುತ್ತ ಬಂದಳು, ಅವನ ಖಾಲಿ ಕೈ ನೋಡಿ ನಿಂತಳು. "ರೀ, ಊಟದ ಡಬ್ಬಿ ಎಲ್ಲಿ?"

"ಆಫೀಸಲ್ಲಿದೆ. ಅದೂ ಅಲ್ಲೇ ಖಾಯಂ ಆಯ್ತು."

ಮಾವ ಆಗಲೇ ಫೋನಿನಲ್ಲಿ ಯಾರೊಡನೆಯೋ ಗಟ್ಟಿಯಾಗಿ ಮಾತಾಡುತ್ತಿದ್ದರು. ನಡುವೆ ಫೋನಿಗೆ ಕೈ ಅಡ್ಡ ಹಿಡಿದು, ಸಂಭ್ರಮದಿಂದ ಕೇಳಿದರು:

"ಅಳಿಯಂದ್ರೆ, ದೊಡ್ಡಪ್ಪ ಕೇಳ್ತಿದಾರೆ. ನಾಳೆಯಿಂದ ನಿಮ್ಮನ್ನ ಆಫೀಸಲ್ಲಿ ಏನಂತ ಕರೀತಾರೆ?"

ಅವನು ಚಪ್ಪಲಿ ಬಿಚ್ಚಿ ಗೋಡೆಯ ಪಕ್ಕ ಜೋಡಿಸಿಟ್ಟ.

"ತಾತ್ಕಾಲಿಕ" ಎಂದ.